ನಗದೆ ಒಂದು ಚಮಚ

ಬೆಳಿಗ್ಗೆ ತಿಂಡಿಗೆ ಕೂತಾಗ ಮಗಳು ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದು ಕೈಯಿಂದ ಕತ್ತು ಮುಚ್ಚಿಕೊಂಡು ಹಾಲು ಕುಡಿದಳು. ಯಾಕೆಂದು ಅವನು ಕೇಳಲಿಲ್ಲ. ಕೇಳಿದ್ದರೆ, ನೀನು ನನ್ನ ಗಂಟಲನ್ನೇ ನೋಡ್ತೀಯಪ್ಪ, ನಂಗೆ ಹಾಲು ಇಳಿಯಲ್ಲ ಎನ್ನುತ್ತಿದ್ದಳು. ಹೋದ ವಾರ ಹಾಗೆ ಅಂದಿದ್ದಳು. ಆಗ ಹೆಂಡತಿ, ಮದುವೆಯಾದ ಹೊಸದರಲ್ಲಿ ನನ್ನ ಕತ್ತನ್ನೇ ನೋಡ್ತಾ ಕೂತಿರೋದು ಕಂಡು ಸರ ಕೊಡಿಸ್ತಾರೇನೋ ಅಂದ್ಕೊಂಡಿದ್ದೆ ಎಂದು ಹಳೆಯ ಮಾತನ್ನೇ ಮತ್ತೆ ತೆಗೆದು ನಕ್ಕಿದ್ದಳು. ಅವನೇನು ಬೇಕೆಂದು ನೋಡುತ್ತಿರಲಿಲ್ಲ. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಸ್ಟ್ರೋಕ್ ಆದವರು, ಕೈಕಾಲು ನಡುಗುವ ಕಾಯಿಲೆಯವರು, ತಲೆಗೆ ಪೆಟ್ಟು ಬಿದ್ದವರು, ಇಂಥವರು ಬಾಯಿಗೆ ಹಾಕಿಕೊಂಡದ್ದು ಹೊಟ್ಟೆಗೆ ಹೋಗುತ್ತಿದೆಯೋ, ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತಿದೆಯೋ ಎಂದು ಚಮಚ ಹಿಡಿದು ನೋಡಿ, ಇವರು ಉಣ್ಣಬಹುದು, ಇವರು ಉಣ್ಣಬಾರದು ಎಂದು ಕಾಗದದ ಮೇಲೆ ಬರೆದುಕೊಡಬೇಕು. ಬರೆದದ್ದೇ ಕೊನೆ. ಇವತ್ತು ಬರೆಯಬೇಕಾದ ಕಾಗದವನ್ನು ನೆನೆದು ಅವನಿಗೇ ತಿಂಡಿ ಇಳಿಯಲಿಲ್ಲ. ನಿನ್ನೆ ಸಂಜೆ ವಾರ್ಡಿನ ನರ್ಸ್ ಫೋನ್ ಮಾಡಿ, ಆರನೇ ಮಂಚಕ್ಕೆ ನಿಮ್ಮ ಹಳೇ ಮೇಡಂ ಬಂದಿದಾರೆ, ಸ್ಟ್ರೋಕ್ ಆಗಿ ನಾಲ್ಕು ದಿನ, ನುಂಗೋದು ಟೆಸ್ಟ್ ಆಗ್ಬೇಕು, ಬೇರೆ ಯಾರನ್ನೂ ಹತ್ರ ಸೇರಿಸ್ತಾ ಇಲ್ಲ, ಅವನೇ ಬರಲಿ ಅಂತ ಕೂತಿದಾರೆ ಎಂದಿದ್ದಳು. ಅವನೇ ಬರಲಿ. ಆ ಎರಡು ಮಾತು ರಾತ್ರಿಯೆಲ್ಲ ಮುಳ್ಳಿನ ಹಾಗೆ ಚುಚ್ಚಿತ್ತು.

ಬಸ್ಸಿನಲ್ಲಿ ಎದುರಿಗೆ ಕೂತಿದ್ದ ಮುದುಕ ಬಾಟಲಿ ಎತ್ತಿ ನೀರು ಕುಡಿದ. ಒಂದು, ಎರಡು, ಮೂರು ಗುಟುಕು. ಗಂಟಲಿನ ಉಬ್ಬು ಸರಾಗವಾಗಿ ಮೇಲೇರಿ ಇಳಿಯಿತು. ಆಮೇಲೆ ಉಸಿರು ಹೊರಕ್ಕೆ ಬಂತು. ಪರವಾಗಿಲ್ಲ, ಇನ್ನೂ ಹತ್ತು ವರ್ಷ ತೊಂದರೆಯಿಲ್ಲ ಎಂದುಕೊಂಡ. ನುಂಗಿದ ಮೇಲೆ ಉಸಿರು ಹೊರಗೆ ಬರಬೇಕು, ಒಳಗೆ ಹೋದರೆ ಅನುಮಾನಪಡಿ ಎಂದು ಹೇಳಿಕೊಟ್ಟವರು ಮೇಡಂ. ಹೇಳಿಕೊಟ್ಟವರು ಎನ್ನುವುದಕ್ಕಿಂತ ತಲೆಯೊಳಗೆ ಕುಟ್ಟಿ ಇಳಿಸಿದವರು. ಹುಡುಗ ಹುಡುಗಿಯರನ್ನೆಲ್ಲ ಎರಡು ಸಾಲಾಗಿ ಕೂರಿಸಿ, ಒಬ್ಬರ ಗಂಟಲ ಮೇಲೆ ಇನ್ನೊಬ್ಬರ ನಾಲ್ಕು ಬೆರಳು ಇಡಿಸಿ, ತೋರುಬೆರಳು ಗದ್ದದಡಿ, ಕಿರುಬೆರಳು ಕೆಳಗೆ, ಒತ್ತಬೇಡಿ, ಹಕ್ಕಿ ಮರಿ ಹಿಡಿದ ಹಾಗೆ ಹಿಡೀರಿ ಎನ್ನುತ್ತಿದ್ದರು. ಇಡೀ ತರಗತಿ ಕಿಸಿಕಿಸಿ ನಗುತ್ತಿತ್ತು. ಎಷ್ಟು ಸರಿಯಾಗಿ ಮಾಡಿದರೂ ಅವರ ಬಾಯಲ್ಲಿ ಒಂದೇ ಮಾತು, "ಇನ್ನೊಂದ್ಸಲ." ಅದಕ್ಕೇ ಅವರಿಗೆ ಇನ್ನೊಂದ್ಸಲ ಮೇಡಂ ಎಂದು ಹೆಸರು ಬಿದ್ದಿತ್ತು. ಅವರದೊಂದು ಪದ್ಧತಿಯಿತ್ತು. ಪುಡಿ ಹಾಕಿ ಗಟ್ಟಿ ಮಾಡಿದ ನೀರನ್ನು ರೋಗಿಗೆ ಕೊಡುವ ಮುಂಚೆ, ಬೇರೆ ಚಮಚದಲ್ಲಿ ತಾವು ಒಂದು ಚಮಚ ರೋಗಿಯ ಎದುರೇ ಕುಡಿಯುವುದು. ನಾವು ಬಾಯಿಗಿಡದೆ ಇರೋದನ್ನ ಇನ್ನೊಬ್ಬರ ಬಾಯಿಗೆ ಇಡಬಾರದು ಎನ್ನುತ್ತಿದ್ದರು. ಅದು ಗೋಂದಿನ ನೀರಿನ ಹಾಗಿರುತ್ತದೆ, ರುಚಿಯಿಲ್ಲ ವಾಸನೆಯಿಲ್ಲ, ಅಂಗುಳಿಗೆ ಅಂಟಿಕೊಳ್ಳುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನೂ ಕುಡಿಯುತ್ತಿದ್ದ. ಯಾವಾಗ ಬಿಟ್ಟನೋ ನೆನಪಿಲ್ಲ. ದಿನಕ್ಕೆ ಹನ್ನೆರಡು ರೋಗಿ, ಎಲ್ಲಿ ಕುಡಿಯುತ್ತಾ ಕೂರುವುದು.

ವಾರ್ಡಿನ ಬಾಗಿಲಲ್ಲೇ ಮೇಡಂ ತಂಗಿ ಅವನನ್ನು ಹಿಡಿದರು. ಇಬ್ಬರೂ ಒಂದೇ ಮನೆಯಲ್ಲಿದ್ದವರು. ಅಕ್ಕ ಮದುವೆಯಾಗಲಿಲ್ಲ, ತಂಗಿ ಗಂಡನನ್ನು ಕಳೆದುಕೊಂಡು ಬಂದು ಸೇರಿಕೊಂಡರು. ಅಕ್ಕ ನಿವೃತ್ತಿಯಾಗಿ ಮೂರು ವರ್ಷದಿಂದ ಬೆಳಿಗ್ಗೆ ಅಡುಗೆಮನೆಯ ಮೇಜಿನಲ್ಲಿ ಎದುರುಬದುರು ಕೂತು ಚಹಾ ಕುಡಿಯುತ್ತಾ ಊರಿನವರನ್ನೆಲ್ಲ ಆಡಿಕೊಳ್ಳುವುದು ಇಬ್ಬರ ದಿನಚರಿಯಂತೆ. ಇದನ್ನೆಲ್ಲ ತಂಗಿ ನಿಂತ ನಿಲುವಿನಲ್ಲಿ ಹೇಳಿದರು. ಕೈಯಲ್ಲಿ ಚಹಾದ ಫ್ಲಾಸ್ಕ್ ಇತ್ತು. ನಾಲ್ಕು ದಿನದಿಂದ ತರುತ್ತಿದ್ದಾರೆ, ನಾಲ್ಕು ದಿನದಿಂದ ಹೊರಗೆ ಚೆಲ್ಲಿ ಹೋಗುತ್ತಿದ್ದಾರೆ. ಹನ್ನೊಂದು ಗಂಟೆಗೆ ದೊಡ್ಡ ಡಾಕ್ಟರು ಬರುತ್ತಾರೆ, ನಿಮ್ಮ ಕಾಗದ ನೋಡಿ ಮೂಗಿಗೆ ಪೈಪು ಹಾಕೋದಾ ಇಲ್ಲ ಊಟ ಕೊಟ್ಟು ಮನೆಗೆ ಕಳಿಸೋದಾ ಹೇಳ್ತಾರಂತೆ. ಅಕ್ಕ ಪೈಪು ಬೇಡವೇ ಬೇಡ ಅಂತಾಳೆ, ಪೈಪಲ್ಲಿ ಬದುಕಿದವರನ್ನ ನಾನು ನೋಡಿದಷ್ಟು ಯಾರೂ ನೋಡಿಲ್ಲ ಅಂತಾಳೆ. "ನಿಮ್ಮ ಮೇಲೆ ಅವಳಿಗೆ ಬಹಳ ನಂಬಿಕೆ. ನೀವು ಒಂದು ಮಾತು ಬರೆದ್ರೆ ಸಾಕು," ಎಂದರು ತಂಗಿ. ನೋಡೋಣಮ್ಮ ಎಂದ. ನೋಡೋಣ ಎನ್ನುವುದು ಅವನ ಕಸುಬಿನವರು ದಿನಕ್ಕೆ ನೂರು ಸಲ ಹೇಳುವ ಮಾತು, ಅದಕ್ಕೆ ಹೂಂ ಎಂದೂ ಅರ್ಥವಿಲ್ಲ, ಊಹೂಂ ಎಂದೂ ಇಲ್ಲ.

ನಂಬಿಕೆಯೋ, ಇನ್ನೇನೋ. ವಾರ್ಡಿನ ಉದ್ದಕ್ಕೂ ನಡೆಯುವಾಗ ನಾಲ್ಕನೇ ಮಂಚದ ಹತ್ತಿರ ಅವನ ಹೆಜ್ಜೆ ಎಂದಿನಂತೆ ಜೋರಾಯಿತು. ಹನ್ನೆರಡು ವರ್ಷವಾಯಿತು, ಮಂಚ ಬದಲಾಗಿದೆ, ಗೋಡೆಯ ಬಣ್ಣ ಬದಲಾಗಿದೆ, ಆದರೂ ಅಲ್ಲಿ ಅವನು ನಿಲ್ಲುವುದಿಲ್ಲ. ಆಗ ಆ ಮಂಚದಲ್ಲಿದ್ದ ಟೈಲರನಿಗೆ ಕೈ ನಡುಗುವ ಕಾಯಿಲೆ. ಶನಿವಾರ ಮಧ್ಯಾಹ್ನ, ಒಂದೂವರೆಯ ಬಸ್ಸು ಹಿಡಿಯಬೇಕಿತ್ತು. ಮೂರು ಚಮಚ ನೀರು ಕೊಟ್ಟ, ಟೈಲರ್ ಮೂರೂ ಕುಡಿದ, ಒಂದು ಸಲವೂ ಕೆಮ್ಮಲಿಲ್ಲ. ನುಂಗಿದ ಮೇಲೆ ರೋಗಿಯಿಂದ 'ಆ' ಎನ್ನಿಸಿ ದನಿ ಕೇಳಬೇಕು. ನೀರು ದಾರಿ ತಪ್ಪಿದ್ದರೆ ದನಿ ಒದ್ದೆಯಾಗಿರುತ್ತದೆ, ಗಂಟಲಲ್ಲಿ ಗುಳುಗುಳು ಎನ್ನುತ್ತದೆ. ಅದೊಂದನ್ನು ಅವನು ಮಾಡಲಿಲ್ಲ. ಕೆಮ್ಮಿದವನು ಬಚಾವ್, ಕೆಮ್ಮದೆ ಇರೋನನ್ನ ಕಂಡ್ರೆ ಹೆದರಿ ಎಂದು ಮೇಡಂ ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ಬಸ್ಸು ಹೋಗುತ್ತಿತ್ತು, ಅಷ್ಟೇ. ಎಲ್ಲಾ ತಿನ್ನಬಹುದು ಎಂದು ಬರೆದು ಸಹಿ ಹಾಕಿದ. ಟೈಲರನ ಹೆಂಡತಿ ಕೈ ಮುಗಿದು, ನೀವು ಚೆನ್ನಾಗಿರಬೇಕು ಎಂದಳು. ಸೋಮವಾರ ಜ್ವರ, ಬುಧವಾರ ನ್ಯುಮೋನಿಯ, ಶುಕ್ರವಾರ ಮಂಚ ಖಾಲಿ. ಮೀಟಿಂಗಿನಲ್ಲಿ ದೊಡ್ಡವರೆಲ್ಲ ಕೂತಿದ್ದರು, ಯಾರು ನೋಡಿದ್ದು ಈ ಕೇಸು ಎಂದರು. ಮೇಡಂ ಎದ್ದು ನಿಂತು, ಅವನು ಹೊಸಬ, ನನ್ನ ಕೈಕೆಳಗಿನವನು, ನಾನು ಹೇಳಿದಂತೆ ಬರೆದಿದಾನೆ, ತಪ್ಪು ನನ್ನದು ಎಂದರು. ಅವನು ಮೇಜಿನ ಮೇಲಿದ್ದ ನೀರಿನ ಲೋಟ ನೋಡುತ್ತಾ ಕೂತಿದ್ದ. ಮುಂದಿನ ತಿಂಗಳು ಅವರನ್ನು ವಾರ್ಡಿನಿಂದ ತೆಗೆದು ಮೇಲಿನ ಮಹಡಿಯಲ್ಲಿ ತೊದಲುವ ಮಕ್ಕಳಿಗೆ ಮಾತು ಕಲಿಸಲು ಹಾಕಿದರು. ಅವರ ಜಾಗಕ್ಕೆ ಅವನೇ ಬಂದ. ಅದರ ಮಾರನೇ ದಿನ ಮೆಟ್ಟಿಲಲ್ಲಿ ಸಿಕ್ಕಾಗ ಅವರು ಅಂದದ್ದು ಇಷ್ಟೇ, ಇನ್ಮೇಲೆ ಅವಸರ ಮಾಡ್ಬೇಡ. ಥ್ಯಾಂಕ್ಸ್ ಎಂದು ಕೂಡ ಅವನು ಹೇಳಲಿಲ್ಲ. ಹೇಳಿದರೆ ನಡೆದದ್ದನ್ನು ಒಪ್ಪಿಕೊಂಡ ಹಾಗಾಗುತ್ತಿತ್ತು.

ಮೇಡಂ ದಿಂಬಿಗೆ ಒರಗಿ ನೆಟ್ಟಗೆ ಕೂತಿದ್ದರು. ನುಂಗುವ ಪರೀಕ್ಷೆಗೆ ಹೇಗೆ ಕೂರಬೇಕೋ ಹಾಗೆ, ಗದ್ದ ತುಸು ಕೆಳಗೆ. ಬಾಯಿಯ ಎಡಮೂಲೆ ಜಾರಿತ್ತು, ಎಡಗೈ ಹೊದಿಕೆಯ ಮೇಲೆ ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದಿತ್ತು. ಕಣ್ಣು ಮಾತ್ರ ಅದೇ ಕಣ್ಣು. ಅವನನ್ನು ಕಂಡವರೇ, ಏನೋ, ಹೊಟ್ಟೆ ಬಂದಿದೆಯಲ್ಲ, ವಾರ್ಡಿನ ಊಟ ಎಲ್ಲಾ ನಿನಗೇ ಹೋಗ್ತಿದೆಯಾ ಎಂದರು. ಮಾತು ಸ್ವಲ್ಪ ದಪ್ಪಗಾಗಿತ್ತು, ನಾಲಿಗೆಗೆ ಬಟ್ಟೆ ಸುತ್ತಿದ ಹಾಗೆ. ಅವನು ಹೇಗಿದೀರಿ ಎಂದು ಕೇಳಬೇಕೆಂದಿದ್ದವನು, ಟ್ರೇ ಇಟ್ಟು, ಪುಡಿ ಕದಡತೊಡಗಿದ. ಬಾಯಿ ತೆರೆಸಿದ, ನಾಲಿಗೆ ಚಾಚಿಸಿದ, ಎಡಕ್ಕೆ ಬಲಕ್ಕೆ ಆಡಿಸಿದ. ಗುರುವಿನ ಬಾಯೊಳಗೆ ಟಾರ್ಚ್ ಬಿಟ್ಟು ನೋಡುವುದು ಎಂಥ ಕರ್ಮ ಎನಿಸಿತು. ಹಿಂದಿನ ಹಲ್ಲೊಂದಿಲ್ಲ, ಇಷ್ಟು ವರ್ಷ ಅವರು ನಗುವಾಗ ಅದು ಕಂಡಿರಲಿಲ್ಲ. ಕಾಣಬಾರದ್ದನ್ನು ಕಂಡವನಂತೆ ನಾಚಿಕೆಯಾಯಿತು. ಅವರು ಅದನ್ನೂ ಗಮನಿಸಿದರು.

ಮೊದಲ ಚಮಚ ಗಟ್ಟಿ ನೀರು. ನಾಲ್ಕು ಬೆರಳನ್ನು ಅವರ ಗಂಟಲ ಮೇಲಿಟ್ಟ. ಚರ್ಮ ತಣ್ಣಗಿತ್ತು, ಸಡಿಲವಾಗಿತ್ತು. ಸ್ವಲ್ಪ ತಡವಾದರೂ ಉಬ್ಬು ಮೇಲೇರಿತು, ಇಳಿಯಿತು. ಇಳಿದದ್ದೇ ತಡ ಮೇಡಂ, ಇದನ್ನ ಗೋಡೆಗೆ ಬಳಿದ್ರೆ ಪೋಸ್ಟರ್ ಅಂಟಿಸಬಹುದು ಕಣೋ ಎಂದು ಹಹ್ಹಹ್ಹ ಎಂದು ನಕ್ಕರು. ಅವನೂ ನಕ್ಕ. ಆ ಅನ್ನಿ ಎಂದ. ಆ ಎಂದರು, ಒಣ ದನಿ, ಸ್ವಚ್ಛವಾಗಿತ್ತು. ಅವನ ಎದೆಯ ಮೇಲಿನ ಕಲ್ಲು ಒಂದು ಇಂಚು ಸರಿಯಿತು. ಆಮೇಲೆ ಬರಿ ನೀರು. ಪರೀಕ್ಷೆಯ ಮುಖ್ಯ ಭಾಗ ಇದೇ. ಗಟ್ಟಿಯಾದದ್ದು ನಿಧಾನಕ್ಕೆ ಇಳಿಯುತ್ತದೆ, ನೀರು ನಿಲ್ಲುವುದಿಲ್ಲ, ಗಂಟಲು ಮುಚ್ಚುವಷ್ಟರಲ್ಲಿ ನುಗ್ಗಿಬಿಡುತ್ತದೆ. ಒಂದು ಚಮಚ ಕೊಟ್ಟ. ನುಂಗಿದರು. ಕೆಮ್ಮಲಿಲ್ಲ. ನಿನ್ನ ಮುಖ ನೋಡಿದ್ರೆ ನನಗಿಂತ ನಿನಗೇ ನುಂಗೋಕಾಗ್ತಿಲ್ಲ ಅನ್ಸುತ್ತೆ ಎಂದು ಮತ್ತೆ ನಕ್ಕರು, ಈ ಸಲ ಇನ್ನೂ ಜೋರಾಗಿ, ಭುಜ ಕುಲುಕುವಷ್ಟು. ಪಕ್ಕದ ಮಂಚದ ಹೆಂಗಸೂ ನಕ್ಕಳು, ನರ್ಸ್ ತಿರುಗಿ ನೋಡಿ ನಕ್ಕಳು. ವಾರ್ಡಿಗೆ ವಾರ್ಡೇ ಗೆಲುವಾಯಿತು. ಆ ಅನ್ನಿ. ಆ. ಒಣ ದನಿ. ಸದ್ಯ, ದೇವರು ದೊಡ್ಡವನು ಎಂದುಕೊಂಡ ಅವನು, ಮನಸ್ಸಿನಲ್ಲಿ ಆಗಲೇ ಕಾಗದ ಬರೆಯುತ್ತಿದ್ದ. ತಂಗಿಯ ಫ್ಲಾಸ್ಕ್, ಅಡುಗೆಮನೆಯ ಮೇಜು, ಎದುರುಬದುರು ಎರಡು ಲೋಟ. ಹನ್ನೆರಡು ವರ್ಷದ ಭಾರವನ್ನು ಒಂದು ಸಹಿಯಲ್ಲಿ ಇಳಿಸಿಬಿಡಬಹುದು. ಮೂರನೇ ಚಮಚ. ಬೆರಳ ಕೆಳಗೆ ಉಬ್ಬು ತಡವರಿಸಿತು, ಏರಿತು. ನಮ್ಮ ಹೆಡ್ ಇದ್ರಲ್ಲ, ಅವರಿಗೆ ಈ ಟೆಸ್ಟ್ ಮಾಡ್ಬೇಕಿತ್ತು, ಎಂಥೆಂಥ ಫೈಲು ನುಂಗಿದ್ರು, ಒಂದ್ಸಲಾನೂ ಕೆಮ್ಮಲಿಲ್ಲ ಎಂದರು, ನಕ್ಕರು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು.

ಕಣ್ಣಲ್ಲಿ ನೀರು ಬಂದದ್ದು ನಗುವುದಕ್ಕಿಂತ ಮುಂಚೆ. ಅದನ್ನು ಅವನು ನೋಡಿದ್ದ. ನೋಡಿದ್ದೂ ಅಲ್ಲದೆ, ಬೆರಳಿಗೆ ಇನ್ನೊಂದು ಗೊತ್ತಾಗಿತ್ತು: ನುಂಗಿದ ಮೇಲೆ ಉಸಿರು ಹೊರಗೆ ಬರಲಿಲ್ಲ, ಸರಕ್ಕನೆ ಒಳಗೆ ಹೋಯಿತು, ಅದರ ಬೆನ್ನಿಗೇ ನಗು. ಅವನ ನಗು ಮುಖದ ಮೇಲೇ ಹೆಪ್ಪುಗಟ್ಟಿತು. ಮೂರು ಚಮಚಕ್ಕೆ ಮೂರು ತಮಾಷೆ. ಮೂರು ಸಲವೂ ಆ ಎನ್ನುವ ಮುಂಚೆ ನಗು. ಜೋರಾಗಿ ನಕ್ಕರೆ ಗಂಟಲಲ್ಲಿ ನಿಂತ ನೀರು ಮೇಲಕ್ಕೆ ಬರುತ್ತದೆ, ದನಿ ಒಣಗುತ್ತದೆ. ಕೆಮ್ಮು ಬರದವರಿಗೆ ನಗಿಸಿ ನೋಡಿ ಎಂದು ಇದೇ ವಾರ್ಡಿನಲ್ಲಿ, ಇದೇ ಕಿಟಕಿಯ ಹತ್ತಿರ ನಿಂತು ಹೇಳಿಕೊಟ್ಟವರು ಯಾರು? ಇವರಲ್ಲವೇ? ಇಪ್ಪತ್ತು ವರ್ಷ ಪರೀಕ್ಷೆ ಮಾಡಿದವರು ಈಗ ಪರೀಕ್ಷೆಗೆ ಕೂತು ನಕಲು ಹೊಡೆಯುತ್ತಿದ್ದಾರೆ. ಅವನೇ ಬರಲಿ ಎಂದದ್ದು ಇದಕ್ಕೇ. ಬೇರೆ ಯಾರಾದರೂ ಆಗಿದ್ದರೆ ತಿಳಿದ ತಕ್ಷಣ ಬರೆದುಬಿಡುತ್ತಿದ್ದರು. ಅವನಿಗೆ ತಿಳಿದರೂ ಬಾಯಿಬಿಡುವುದಿಲ್ಲ, ಅವತ್ತು ಬಿಟ್ಟಿರಲಿಲ್ಲವಲ್ಲ. ಹಾಗೆಂದುಕೊಂಡಾಗ ಅವನಿಗೆ ಸಿಟ್ಟು ಬಂತು, ಮರುಕ್ಷಣವೇ ನಾಚಿಕೆಯಾಯಿತು. ಒಂದು ಲೋಟ ಚಹಾಕ್ಕಾಗಿ ಈ ಹೆಂಗಸು ಇಷ್ಟು ಕಷ್ಟಪಟ್ಟು ಮೂರು ತಮಾಷೆ ಕಟ್ಟಿಕೊಂಡು ಕಾದಿದ್ದಾರೆ. ನಾಲ್ಕು ದಿನ ಮಲಗಿದಲ್ಲೇ ಅಭ್ಯಾಸ ಮಾಡಿದ್ದಾರೋ ಏನೋ. ಗಂಟೆ ಹತ್ತೂವರೆ. ಕಾಗದ ಅವನ ಮುಂದಿತ್ತು. ಎಲ್ಲಾ ತಿನ್ನಬಹುದು ಎಂದು ಬರೆದರೆ ಅವರಿಗೆ ಸಂತೋಷ, ತಂಗಿಗೆ ಸಂತೋಷ. ಅವನ ಮೇಲಿನ ಋಣವೂ ತೀರಿತು. ಸೋಮವಾರ ಜ್ವರ ಬರಬಹುದು, ಬರದೇ ಇರಬಹುದು. ಕಣ್ಣ ಮುಂದೆ ಟೈಲರನ ಹೆಂಡತಿ ಕೈ ಮುಗಿದು ನಿಂತಳು, ನೀವು ಚೆನ್ನಾಗಿರಬೇಕು ಎಂದಳು.

ಚಮಚಕ್ಕೆ ನೀರು ತುಂಬಿದ.

"ಮೇಡಂ, ಇನ್ನೊಂದ್ಸಲ," ಎಂದ. "ಈ ಸಲ ನಗಬೇಡಿ."

ಅವರು ಅವನನ್ನೇ ನೋಡಿದರು. ಜಾರಿದ ಬಾಯಿಯ ಮೂಲೆ ಇನ್ನಷ್ಟು ಜಾರಿದ ಹಾಗೆ ಕಂಡಿತು. ಬೇಡ ಎನ್ನುತ್ತಾರೆ, ಬೈಯುತ್ತಾರೆ, ಅವತ್ತಿನದನ್ನು ಎತ್ತುತ್ತಾರೆ ಎಂದು ಅವನು ಕಾದ. ಅವರು ಬಾಯಿ ತೆರೆದರು. ಚಮಚ ಇಟ್ಟ. ಉಬ್ಬು ಏರುವ ಮುಂಚೆಯೇ ನೀರು ಇಳಿದದ್ದು ಬೆರಳಿಗೆ ತಿಳಿಯಿತು. ಕೆಮ್ಮು ಬರಲಿಲ್ಲ. ಕಣ್ಣು ತುಂಬಿತು. ಹತ್ತು ಎಣಿಸಿದ, ಅವರು ಕಲಿಸಿದ ಹಾಗೆ ನಿಧಾನಕ್ಕೆ. ಆ ಅನ್ನಿ ಎಂದ. ಅವರು ಆ ಎಂದರು. ಆ ದನಿ ನೀರೊಳಗಿನಿಂದ ಬಂತು, ಗುಳುಗುಳು ಎಂದು, ತಳದಲ್ಲಿ ಯಾರೋ ಮುಳುಗುತ್ತಿದ್ದ ಹಾಗೆ. ಅದು ಅವರಿಗೂ ಕೇಳಿಸಿತು. ಆಗ ಅವರಿಗೆ ಅಳು ಬಂತು. ಅಳು ಬಂದಾಗ ಅಡ್ಡ ತಿರುಗಲು ಹೋದರು, ಎಡಗಡೆ ಸಾಗಲಿಲ್ಲ, ಅವನೆದುರೇ ಅತ್ತರು. ಅವನು ಬೆರಳು ತೆಗೆಯಬೇಕೋ ಇಡಬೇಕೋ ತಿಳಿಯದೆ ಗಂಟಲ ಮೇಲೆಯೇ ಇಟ್ಟುಕೊಂಡು ಕೂತ. ಆಮೇಲೆ ಕೆಮ್ಮಿ ಅಂದ, ಜೋರಾಗಿ, ಇನ್ನೂ ಜೋರಾಗಿ. ಬೆನ್ನು ತಟ್ಟಿದ. ದನಿ ಒಣಗುವವರೆಗೂ ಕೆಮ್ಮಿಸಿದ.

"ನೀನು ಬಿಟ್ಬಿಡ್ತೀಯ ಅಂತ್ಲೇ ನಿನ್ನ ಕರೆಸಿದ್ದು," ಎಂದರು ಸುಧಾರಿಸಿಕೊಂಡು. ಮುಚ್ಚುಮರೆಯಿಲ್ಲದೆ ಅಂದರು. ಅವನು ತಲೆ ತಗ್ಗಿಸಿದ. ಟ್ರೇಯ ಮೇಲೆ ಲೋಟವಿತ್ತು, ಅದನ್ನು ನೋಡಿದ. ಹನ್ನೆರಡು ವರ್ಷದ ಹಿಂದೆಯೂ ಹೀಗೇ ಒಂದು ಲೋಟವನ್ನು ನೋಡುತ್ತಾ ಕೂತಿದ್ದೆನಲ್ಲ ಎಂದು ಹೊಳೆದು ಕಣ್ಣು ಕಿತ್ತು ಅವರ ಮುಖದ ಮೇಲಿಟ್ಟ.

"ಆ ಟೈಲರ್‌ಗೆ ನಾನು ಆ ಅನ್ನಿಸಿರ್ಲಿಲ್ಲ ಮೇಡಂ. ಬಸ್ಸಿಗೆ ಹೊತ್ತಾಗಿತ್ತು."

"ಗೊತ್ತು."

"ಮತ್ತೆ ಯಾಕೆ..."

"ಮೀಟಿಂಗಲ್ಲಿ ಎದ್ದು ನಿಂತಮೇಲೂ ನಿನ್ನ ಬಾಯಿ ನೋಡ್ತಾ ಇದ್ದೆ. ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ." ಬಲಗೈಯಿಂದ ಬಾಯಿಯ ಜೊಲ್ಲು ಒರೆಸಿಕೊಂಡರು. "ಮಕ್ಕಳ ಜೊತೆ ಹಾಕಿದ್ರು, ಒಳ್ಳೇದೇ ಆಯ್ತು ಬಿಡು. ಆದ್ರೆ ನೀನು ಹೇಳ್ಲಿಲ್ಲ ಅನ್ನೋದು ನನಗೆ ಬಹಳ ದಿನ ನೋವಿತ್ತು."

ಕ್ಷಮಿಸಿ ಎನ್ನಲು ಹೊರಟ. ಅವರು ಕೈ ಬೀಸಿ, ಸಾಕು, ಬರಿ, ಹನ್ನೊಂದಕ್ಕೆ ಅವರು ಬರ್ತಾರೆ ಎಂದರು. ಬರೆಯತೊಡಗಿದ: ನೀರು, ಚಹಾ, ತೆಳುವಾದದ್ದು ಯಾವುದೂ ಬೇಡ, ಊಟ ಮೂಗಿನ ಪೈಪಿನಲ್ಲಿ. ಅಲ್ಲಿ ನಿಲ್ಲಿಸಿದ್ದ. ಅವರು ಕಾಗದ ತೋರಿಸು ಎಂದು ಓದಿ, ಹಳೆಯ ಗತ್ತಿನಲ್ಲಿ, ಗಟ್ಟಿದು ಸರಿಯಾಗಿ ಇಳೀತು ತಾನೇ, ಅದನ್ನ ಯಾಕೆ ನುಂಗಿದೆ, ಪೂರ್ತಿ ಬರಿ ಎಂದರು. ಮೊದಲ ಚಮಚದ ಮೇಲೂ ನಕ್ಕಿದ್ರಲ್ಲ, ಹಾಗೇ ನಂಬೋಕಾಗಲ್ಲ ಎಂದು ಅವನು ಇನ್ನೆರಡು ಚಮಚ ಗಟ್ಟಿ ನೀರು ಕೊಟ್ಟು ನೋಡಿದ, ನಗಿಸದೆ. ಉಸಿರು ಹೊರಗೆ ಬಂತು. ದನಿ ಒಣಗಿತ್ತು. ನೆಟ್ಟಗೆ ಕೂರಿಸಿ, ಒಬ್ಬರು ಎದುರಿಗಿದ್ದು, ದಿನಕ್ಕೆ ಎರಡು ಹೊತ್ತು, ಗಟ್ಟಿ ಮಾಡಿದ ಪಾನೀಯ ಹತ್ತು ಸಣ್ಣ ಚಮಚ ಎಂದು ಸೇರಿಸಿದ. ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ. ಸಹಿ ಹಾಕಿದ. ಅವಸರವಿಲ್ಲದೆ, ಪೂರ್ತಿ ಹೆಸರು.

ತಂಗಿಯನ್ನು ಕರೆದು ಹೇಳಿದಾಗ ಅವರ ಮುಖ ಕೆಂಪಾಯಿತು. ಪೈಪು ಎನ್ನುವ ಮಾತು ಬಂದ ಮೇಲೆ ಮುಂದಿನದು ಅವರ ಕಿವಿಗೆ ಬೀಳಲೇ ಇಲ್ಲ. "ನಿಮಗೆ ಕಲಿಸಿದ್ದೇ ಅವಳ ತಪ್ಪು," ಎಂದರು. ಮೇಡಂ ತಂಗಿಯನ್ನು ನೋಡಿ, ಸುಮ್ನಿರೇ, ಚೆನ್ನಾಗಿ ಕಲಿಸಿದ್ದಕ್ಕೇ ಹೀಗಾಗಿರೋದು, ಫ್ಲಾಸ್ಕ್ ಕೊಡು ಅವನಿಗೆ ಎಂದರು. ಅವನು ಚಹಾ ಬಗ್ಗಿಸಿಕೊಂಡು, ಪುಡಿ ಹಾಕಿ ಕದಡಿದ. ಚಹಾ ಮೊದಲು ಚಮಚವನ್ನು ಜಗ್ಗಿತು, ಆಮೇಲೆ ಮಂದವಾಗಿ ಅದರಿಂದ ದಾರದ ಹಾಗೆ ಇಳಿಯಿತು. ತಂಗಿ ಅದನ್ನು ನೋಡಿ ಮುಖ ತಿರುಗಿಸಿದರು. ಅವನು ಒಂದು ಚಮಚ ತುಂಬಿ ಮೇಡಂ ಬಾಯಿಯ ಹತ್ತಿರ ಒಯ್ದ. ಅವರು ಬಾಯಿ ತೆರೆಯಲಿಲ್ಲ. ತುಟಿ ಬಿಗಿ ಮಾಡಿಕೊಂಡು ಅವನನ್ನೇ ನೋಡುತ್ತಿದ್ದರು, ತರಗತಿಯಲ್ಲಿ ಏನನ್ನೋ ಮರೆತವನನ್ನು ನೋಡುವ ಹಾಗೆ. ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಚಮಚ ಕೆಳಗಿಟ್ಟು, ಬೇರೆ ಚಮಚ ತೆಗೆದು, ಅದರಲ್ಲಿ ತುಂಬಿ ತನ್ನ ಬಾಯಿಗೆ ಹಾಕಿಕೊಂಡ.

ಬಿಸಿಯಿತ್ತು, ಸಿಹಿಯಿತ್ತು, ಚಹಾದ ನೆನಪು ಮಾತ್ರ ಇತ್ತು. ಇದನ್ನು ಹದಿನಾಲ್ಕು ವರ್ಷ ಎಷ್ಟು ಜನರ ಬಾಯಿಗೆ ಇಟ್ಟೆನಪ್ಪ ಎನಿಸಿತು. ನುಂಗಲು ಹೋದ. ಅಷ್ಟರಲ್ಲಿ ಮೇಡಂ ಬಲಗೈ ಎತ್ತಿ ಅವನ ಗಂಟಲ ಮೇಲೆ ನಾಲ್ಕು ಬೆರಳು ಇಟ್ಟರು, ತೋರುಬೆರಳು ಗದ್ದದಡಿ, ಕಿರುಬೆರಳು ಕೆಳಗೆ, ಹಗುರಾಗಿ. ಬೆರಳು ತಣ್ಣಗಿತ್ತು. ಅವನಿಗೆ ನುಂಗಲಾಗಲಿಲ್ಲ. ಟೈಲರನ ಹೆಂಡತಿ, ಒಂದೂವರೆಯ ಬಸ್ಸು, ಕತ್ತು ಮುಚ್ಚಿಕೊಂಡು ಹಾಲು ಕುಡಿಯುವ ಮಗಳು, ಎಲ್ಲ ಅಲ್ಲೇ ಬಂದು ನಿಂತಂತಾಯಿತು. ಹೇಗೋ ಒಂದು ಗುಟುಕು ಇಳಿಸಿದ, ಉಳಿದದ್ದು ಇಳಿಯದೆ ಇನ್ನೊಂದು ಗುಟುಕು ಮಾಡಿದ. ಕಣ್ಣಲ್ಲಿ ನೀರು ತುಂಬಿತು. ತಂಗಿ ಇಬ್ಬರನ್ನೂ ನೋಡುತ್ತಿದ್ದರು. ಮೇಡಂ ಬೆರಳು ತೆಗೆಯದೆ, ಕಣ್ಣು ಅರೆಮುಚ್ಚಿ, ಒಳಗೆ ಏನನ್ನೋ ಎಣಿಸಿದರು, ಹತ್ತರವರೆಗೆ ಇರಬೇಕು.

"ಆ ಅನ್ನು," ಎಂದರು.

ಅವನು ಆ ಎಂದ. ದನಿ ಒದ್ದೆಯಾಗಿತ್ತು.

"ಇನ್ನೊಂದ್ಸಲ," ಎಂದರು ಮೇಡಂ.